ಬಳೆ ಸುತ್ತಿದ ಕಾಗದ

ಮೊನ್ನೆ ಮೊಮ್ಮಗಳ ಕುಬುಸಕ್ಕೆಂದು ತಂದ ಹಸಿರು ಬಳೆಯ ಡಬ್ಬಿ ಬಿಚ್ಚಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಹಳೆಯ ಪೇಪರಿನದು, ಒಣಹುಲ್ಲಿನದು, ಅದರ ಜೊತೆ ಗಾಜಿನ ಪುಡಿಯದು. ಗಾಜಿಗೆ ಎಲ್ಲಿಯ ವಾಸನೆ ಅಜ್ಜಿ ಎಂದು ಹುಡುಗಿ ನಕ್ಕಳು. ನಗಲಿ. ನನ್ನ ಮೂಗಿಗಂತೂ ಬಂತು, ಅದರ ಬೆನ್ನಿಗೇ ಸೇಡಂನ ನಮ್ಮ ಹಳೆಯ ಓಣಿ, ಪಕ್ಕದ ಮನೆಯ ಬಳೆಗಾರ ಚಾಚಿ, ಆ ಮೊದಲ ಚುನಾವಣೆ... ಎಲ್ಲ ಬಂದವು. ಚುನಾವಣೆ ನೆನಪಾದದ್ದೇ ತಡ, ಬಾಯಿ ಕಹಿಯಾಯಿತು. ಇಷ್ಟು ವರ್ಷಕ್ಕೂ ಆ ಹೇಸಿಗೆ ಹೋಗಿಲ್ಲ.

ನಾನು ಚಿತ್ತಾಪುರದಿಂದ ಸೇಡಂಗೆ ಸೊಸೆಯಾಗಿ ಬಂದವಳು. ಚಾಚಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಂಡ ಸತ್ತ ಮೇಲೆ ಬಳೆಯ ಬುಟ್ಟಿ ಹೊತ್ತು ಬದುಕು ಮಾಡಿದವಳು ಆಕೆ. ಒಬ್ಬಳೇ ಮಗಳನ್ನು ಹೈದರಾಬಾದಿಗೆ ಕೊಟ್ಟಿದ್ದಳು. ಮಗಳನ್ನು ನೋಡಲು ರೈಲಿನಲ್ಲಿ ಹೋಗಿ, ಬರುವಾಗ ಅಲ್ಲಿಂದಲೇ ಮಾಲು ತರುತ್ತಿದ್ದಳು. ಒಂದೊಂದು ಡಜನ್ನನ್ನೂ ಉರ್ದು ಪೇಪರಿನ ತುಂಡಿನಲ್ಲಿ ಸುತ್ತಿ, ಮೇಲೆ ಹುಲ್ಲು ತುರುಕಿರುತ್ತಿದ್ದರು. ಆಕೆ ನಮ್ಮ ಪಡಸಾಲೆಯಲ್ಲಿ ಕುಳಿತು ಅದನ್ನು ಬಿಚ್ಚಿದರೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು.

ಬಳೆ ಇಡುವುದರಲ್ಲಿ ಆಕೆಗೆ ಒಂದು ನೇಮವಿತ್ತು. ಮುತ್ತೈದೆಯ ಕೈಯನ್ನು ಒಂದು ಗಳಿಗೆಯೂ ಬರಿದು ಮಾಡುತ್ತಿರಲಿಲ್ಲ. ಹಳೆಯ ಬಳೆಯಲ್ಲಿ ಒಂದನ್ನು ಕೈಯಲ್ಲೇ ಬಿಟ್ಟು, ಹೊಸದು ಏರಿದ ಮೇಲೆಯೇ ಅದನ್ನು ತೆಗೆಯುತ್ತಿದ್ದಳು. ನಮ್ಮತ್ತೆಯೇ ಅವಸರ ಮಾಡಿದರೂ ಕೇಳುತ್ತಿರಲಿಲ್ಲ. ತನ್ನ ಕೈ ಬರಿದಾಗಿದ್ದವಳು ಬೇರೆಯವರ ಕೈಯ ಬಗ್ಗೆ ಅಷ್ಟು ಜೋಪಾನ ಮಾಡುತ್ತಿದ್ದಳು.

ಮದುವೆಯಾಗಿ ಬಹಳ ವರ್ಷ ನನಗೆ ಬಸುರು ನಿಂತಿರಲಿಲ್ಲ. ನಿಂತಾಗ ನನ್ನ ತಾಯಿಗಿಂತ ಮೊದಲು ಹಿಗ್ಗಿದವಳು ಚಾಚಿ. ಗೋಡೆಯಾಚೆಯಿಂದಲೇ ಅತ್ತೆಗೆ ಹೇಳಿದಳು.

"ಅಕ್ಕಾ, ಕುಬುಸದ ಬಳಿ ನಾನೇ ಇಡ್ತೀನಿ. ಬ್ಯಾರೆ ಯಾರ್ನೂ ಕರೀಬ್ಯಾಡ್ರಿ."

ನಮ್ಮ ಕಡೆ ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕುಬುಸ ಮಾಡುತ್ತಾರೆ. ಬಳೆ ಇಟ್ಟವಳಿಗೆ ಮೊರದ ತುಂಬ ಜೋಳ, ಕುಬುಸದ ಖಣ, ತೆಂಗಿನಕಾಯಿ ಕೊಡುವುದು ಪದ್ಧತಿ. ಚಾಚಿಗೆ ಬೇಕಾದದ್ದು ಆ ಜೋಳವಲ್ಲ. ನಿಜಾಮರ ಆಳ್ವಿಕೆ ಹೋದಾಗಿನ ಗಲಾಟೆಯಲ್ಲಿ ಮುಚ್ಚಿದ ಎಷ್ಟೋ ಬಾಗಿಲುಗಳು ಆಕೆಗೆ ಮತ್ತೆ ತೆರೆದಿರಲಿಲ್ಲ. ನಮ್ಮ ಬಾಗಿಲು ತೆರೆದೇ ಇತ್ತು. ಹತ್ತು ಜನರ ಮುಂದೆ ಕುಳಿತು ನನಗೆ ಬಳೆ ಇಟ್ಟರೆ ಉಳಿದ ಮನೆಗಳೂ ಕರೆದಾವು ಎಂಬ ಆಸೆ ಆಕೆಯದು.

ಅಷ್ಟರಲ್ಲಿ ಚುನಾವಣೆ ಬಂತು.

ಎರಡು ಪಕ್ಷಗಳಿದ್ದವು. ಹೆಸರು ಬೇಡ, ನಾವೂ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಂದು ಮೇಲಿನ ಓಣಿಯವರದು, ಒಂದು ಕೆಳಗಿನ ಓಣಿಯವರದು. ಇಬ್ಬರೂ ಬಡವರಿಗೆ ಭೂಮಿ ಎನ್ನುತ್ತಿದ್ದರು, ಇಬ್ಬರ ಭೂಮಿಯೂ ಕಾಗಿಣಾ ನದಿಯ ದಂಡೆಯಲ್ಲಿ ಹುಲುಸಾಗಿ ಬಿದ್ದಿತ್ತು. ನನ್ನ ಮಾವ ಮೇಲಿನ ಓಣಿಯ ದೊಡ್ಡ ತಲೆ. ಉರ್ದು ಶಾಲೆಯಲ್ಲಿ ಓದಿದವರು, ಕಚೇರಿಯ ಕಾಗದವನ್ನು ನೀರು ಕುಡಿದಂತೆ ಓದುವವರು. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಸಭೆ. ಎಳೆಜೋಳದ ಸೀತನಿ, ಚಹಾ ಕೊಟ್ಟು ಕೊಟ್ಟು ನನಗೂ ಅತ್ತೆಗೂ ಸಾಕಾಗುತ್ತಿತ್ತು. ತಿನ್ನುತ್ತ ಅವರು ಆಡುತ್ತಿದ್ದ ಮಾತೇನು! ಓಟಿನ ಪೆಟ್ಟಿಗೆಯ ತಳಕ್ಕೆ ತೂತು ಇದೆಯಂತೆ. ಬೆರಳಿಗೆ ಹಚ್ಚುವ ಮಸಿ ರಕ್ತಕ್ಕೆ ಇಳಿಯುತ್ತದಂತೆ. ವಾಡಿ ಸ್ಟೇಷನ್ನಿನಲ್ಲಿ ರೈಲು ತಡವಾದರೆ ಅದು ಕೆಳಗಿನ ಓಣಿಯವರ ಕೈವಾಡ. ಯಾರು ನೋಡಿದರು ಎಂದು ಕೇಳುವ ಹಾಗಿರಲಿಲ್ಲ. ಕೇಳಿದವರೇ ಆ ಕಡೆಯವರಾಗುತ್ತಿದ್ದರು.

ಆ ಸಭೆಗೆ ಬರುತ್ತಿದ್ದ ಒಬ್ಬ ಅಡತಿ ದಲ್ಲಾಳಿ ಹೊಸದೊಂದು ಶೋಧ ಮಾಡಿದ. ಬಳೆಗಾರತಿ ಹಸಿರು ಬಳೆ ಇಟ್ಟ ಮನೆಗಳೆಲ್ಲ ಕೆಳಗಿನ ಓಣಿಗೆ ಓಟು ಹಾಕುವ ಮನೆಗಳು, ಹಸಿರೇ ಗುರುತು, ಹೈದರಾಬಾದಿನಿಂದ ಹುಕುಂ ಬರುವುದು ಬಳೆ ಸುತ್ತಿದ ಕಾಗದದಲ್ಲಿ! ಹಸಿರು ಬಳೆ ಇಡದ ಮುತ್ತೈದೆ ಸೇಡಂನಲ್ಲಿ ಎಲ್ಲಿದ್ದಳು? ಆ ದಲ್ಲಾಳಿಯ ಹೆಂಡತಿಯ ಕೈಯಲ್ಲೇ ಎರಡು ಡಜನ್ ಇದ್ದವು. ಕೆಳಗಿನ ಓಣಿಯವರೇನು ಸುಮ್ಮನಿದ್ದರೇ? ಬಳೆಗಾರತಿ ಮೇಲಿನ ಓಣಿಯ ಹಣ ತಿಂದು ಮನೆಮನೆಯ ಹೆಂಗಸರನ್ನು ಲೆಕ್ಕ ಮಾಡುತ್ತಿದ್ದಾಳೆ ಎಂದು ಅವರು ಹಬ್ಬಿಸಿದರು. ಸಹಿ ಮಾಡಲೂ ಬಾರದ ಒಬ್ಬ ವಿಧವೆ ಎರಡೂ ಪಕ್ಷಗಳ ಗೂಢಚಾರಿಣಿಯಾದಳು. ಒಂದೊಂದೇ ಮನೆ ಆಕೆಯನ್ನು ಕರೆಯುವುದು ನಿಲ್ಲಿಸಿತು.

"ಹಸರ ಬಳಿ ನಮ್ಮವ್ವ ಇಟ್ಟಾಳ, ಅವರವ್ವ ಇಟ್ಟಾಳ. ಅವಾಗ ಯಾವ ಓಟು ಇತ್ತು?" ಎಂದು ಅತ್ತೆ ಒಲೆಯ ಮುಂದೆ ಕುಳಿತು ಸಿಡಿದರು. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳೀತಾರ, ಇವ್ರಿಗಿ ಮತಿ ಇಲ್ಲ."

ಕಟ್ಟೆಯವರೆಗೆ ಆ ಮಾತು ಹೋಗಲಿಲ್ಲ. ಆದರೂ ಅತ್ತೆ ಹಟ ಬಿಡದೆ ಕುಬುಸಕ್ಕೆ ಚಾಚಿಗೇ ಹೇಳಿಕಳಿಸಿದರು.

ಆ ದಿನ ಬೆಳಿಗ್ಗೆ ನನ್ನನ್ನು ಹಸಿರು ಸೀರೆ ಉಡಿಸಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಬಾಗಿಲಿನಿಂದ ಕಟ್ಟೆ ನೇರ ಕಾಣುತ್ತಿತ್ತು. ಚಾಚಿ ತೊಳೆದ ಬಿಳಿ ಸೀರೆ ಉಟ್ಟು, ಬುಟ್ಟಿ ಹೊತ್ತು ಬಂದಳು. ಮೆಟ್ಟಿಲು ಹತ್ತುವ ಮೊದಲೇ ಮಾವ ತಡೆದರು.

"ಬುಟ್ಟಿ ಇಲ್ಲೇ ಇಡು. ನೋಡೂಣು."

ಆಕೆ ಕಟ್ಟೆಯ ಅಂಚಿಗೆ ಇಟ್ಟಳು. ಮಾವ ಒಂದೊಂದೇ ಸುತ್ತು ಬಿಚ್ಚಿ ಕಾಗದ ಓದತೊಡಗಿದರು. ಕನ್ನಡಕ ಏರಿಸಿ, ಕೋರ್ಟಿನ ಫರ್ಮಾನು ಓದುವ ಗತ್ತಿನಲ್ಲಿ. ಕಟ್ಟೆಯ ಮೇಲಿದ್ದವರೆಲ್ಲ ಸುತ್ತ ನೆರೆದರು.

"ಏನ್ ಬರ್ದಾರ್ರೀ ಸಾಹೇಬ್ರ?" ದಲ್ಲಾಳಿ ಕೇಳಿದ.

"ತಲಿಗಿ ಹಚ್ಚೋ ಎಣ್ಣಿದು. ಕೂದ್ಲಾ ಉದ್ರಂಗಿಲ್ಲಂತ."

"ಹಾಂಗೇ ಬರೀತಾರ್ರೀ. ನಮಗ ತಿಳೀಬಾರ್ದಂತ."

"ಅದು ರದ್ದಿ ಪೇಪರ್ ರೀ ಸಾಹೇಬ್ರ," ಎಂದಳು ಚಾಚಿ. "ಬಳಿಗಿ ಪೆಟ್ಟು ಹತ್ತಬಾರ್ದಂತ ಅಂಗಡ್ಯಾಗ ಸುತ್ತಿ ಕೊಡ್ತಾರ. ನನಗ ಓದಾಕೇ ಬರಂಗಿಲ್ಲ."

"ಓದಾಕ ಬರ್ಲಾರ್ದಾಕಿ ಕೈಯಾಗೇ ಕೊಟ್ಟು ಕಳಸ್ತಾರ," ಎಂದ ಅವನು.

ಈಗ ಮಾವ ಗದರಿಸುತ್ತಾರೆ, ಈಗ ನಗುತ್ತಾರೆ ಎಂದು ನಾನು ಕಾದೆ. ಎಣ್ಣೆಯ ಜಾಹೀರಾತನ್ನು ತಾವೇ ಓದಿದ ಮನುಷ್ಯ. ಅವರು ಕಾಗದವನ್ನು ನಾಜೂಕಾಗಿ ಮಡಚಿದರು.

"ಅದೂ ಖರೇ ಅದ," ಎಂದರು.

ಅಷ್ಟು ಸಾಕಾಯಿತು. ದಲ್ಲಾಳಿ ಬುಟ್ಟಿಗೆ ಒದ್ದ. ಬಳೆಗಳೆಲ್ಲ ಕಟ್ಟೆಯ ಶಹಾಬಾದ್ ಫರಸಿಕಲ್ಲಿನ ಮೇಲೆ ಬಿದ್ದವು. ನನ್ನ ಕೈಗೆ ಏರಬೇಕಾಗಿದ್ದ ಹಸಿರು ಗಾಜು ಚೂರಾಗಿ ಹೊಸ್ತಿಲವರೆಗೂ ಸಿಡಿಯಿತು. ನಾನು ಮಣೆಯಿಂದ ಎದ್ದೆ. ಚಾಚಿ ಅಳಲಿಲ್ಲ, ಶಪಿಸಲಿಲ್ಲ, ಆ ಗಂಡಸರ ಮುಖವನ್ನೂ ನೋಡಲಿಲ್ಲ. ನನ್ನ ಕಡೆ ಕೈ ಎತ್ತಿದಳು.

"ಬರಬ್ಯಾಡ ಬೇಟಿ, ಅಲ್ಲೇ ನಿಂದ್ರು. ಗಾಜು ಬಿದ್ದಾವ, ಕಾಲಾಗ ಹೋಗ್ತಾವ."

ಹಾಗೆಂದು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತು ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು. ಕಟ್ಟೆಯ ಮೇಲಿದ್ದ ಒಬ್ಬನೂ ಬಗ್ಗಲಿಲ್ಲ.

ಕುಬುಸ ಕೆಂಪು ಬಳೆಯಲ್ಲಿ ಆಯಿತು. ಅಂಗಡಿಯಿಂದ ತರಿಸಿದ್ದು. ಸಂಜೆಯೊಳಗೆ ಕೆಳಗಿನ ಓಣಿಯವರು ಮೆರವಣಿಗೆ ತೆಗೆದು, ಮುತ್ತೈದೆಯರ ಬಳೆ ಒಡೆದ ಪಾಪಿಗಳು ಎಂದು ನಮ್ಮ ಮನೆಯ ಮುಂದೆಯೇ ಕೂಗಿದರು. ಆಕೆಯನ್ನು ಹಣ ತಿಂದವಳು ಎಂದಿದ್ದ ಬಾಯಿಗಳೇ ಅವು. ಬಳೆ ಒಡೆಸಿಕೊಂಡಾಕೆಯ ಮನೆಯಲ್ಲಿ ಆ ದಿನ ಒಲೆ ಹೊತ್ತಿತೇ ಎಂದು ಒಬ್ಬರೂ ಹೋಗಿ ನೋಡಲಿಲ್ಲ. ಮಾರನೆಯ ದಿನ ನಮ್ಮವರು, ಬುಟ್ಟಿಯನ್ನು ಆಕೆಯೇ ಬೇಕೆಂದು ಬೀಳಿಸಿಕೊಂಡಳು, ಅದಕ್ಕೆ ಕೆಳಗಿನವರು ಕಲಿಸಿಕೊಟ್ಟಿದ್ದರು ಎಂದರು. ನನ್ನ ಕಣ್ಣೆದುರು ನಡೆದದ್ದನ್ನು ನನ್ನ ಮನೆಯ ಕಟ್ಟೆಯ ಮೇಲೆಯೇ ತಿರುಚಿದರು. ಆಕೆ ಬೀಳಿಸಿದ್ದನ್ನು ತಾವೇ ನೋಡಿದ್ದಾಗಿ ಮಾವ ಆಣೆ ಮಾಡಿದರು. ಅವರು ಅದನ್ನು ನಂಬಿಬಿಟ್ಟಿದ್ದರೋ ಏನೋ... ಅದೇ ಹೆಚ್ಚು ಹೇಸಿಗೆ.

ಓಟಿನ ದಿನ ಅತ್ತೆಯೊಂದಿಗೆ ನಾನೂ ಹೋದೆ. ಆಗ ಪಕ್ಷಕ್ಕೊಂದು ಓಟಿನ ಪೆಟ್ಟಿಗೆ, ಎರಡನ್ನೂ ನೋಡಿ ವಾಕರಿಕೆ ಬಂತು. ಬಸುರಿ ಎಂದು ಜನ ದಾರಿ ಬಿಟ್ಟರು. ಅಷ್ಟು ತಿಂಗಳಿಗೆ ವಾಕರಿಕೆ ಎಲ್ಲಿಯದು ಎಂದು ಅತ್ತೆಗೆ ಗೊತ್ತಿತ್ತು, ಬೆನ್ನು ನೀವಿದರು.

ಯಾರು ಗೆದ್ದರು ಎಂಬುದನ್ನು ಬರೆಯುವ ಮನಸ್ಸಿಲ್ಲ. ಮರುವರ್ಷ ಎರಡೂ ಓಣಿಯ ಮುಖಂಡರು ಬೀಗರಾದರು. ಇವರ ಮಗಳು, ಅವರ ಮಗ. ನಮ್ಮ ಕಟ್ಟೆಯ ಮೇಲೆ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಂಡರು. ಮದುಮಗಳಿಗೆ ಹಸಿರು ಬಳೆ ಇಡಲು ಕೈಗುಣ ಇದ್ದವಳು ಬೇಕೆಂದು ಅದೇ ದಲ್ಲಾಳಿ ಚಾಚಿಯ ಬಾಗಿಲಿಗೆ ಹೋದ. ಗೋಡೆಯ ಈಚೆಗೆ ನನಗೆ ಕೇಳಿಸಿತು.

"ಅವಾಗಿನ ಮಾತು ಅವಾಗ ಚಾಚಿ, ರಾಜಕೀಯದಾಗ ಹಾಂಗೇ. ಮನಸ್ಸಿಗಿ ಹಚ್ಕೋಬ್ಯಾಡ, ಬಾ."

"ನನ್ನ ಕೈ ನಡಗ್ತಾವ್ರೀ," ಎಂದಳು ಚಾಚಿ. "ಮದಿಮಗಳ ಕೈಗಿ ಗಾಜು ಹತ್ತೀತು."

ಆಕೆಯ ಕೈ ನಡುಗುತ್ತಿರಲಿಲ್ಲ. ನನಗೆ ಗೊತ್ತು. ಅದಕ್ಕೂ ಮೊದಲು, ನನ್ನ ಮಗ ಹುಟ್ಟಿದ ಕೆಲವೇ ದಿನಕ್ಕೆ, ಅದೇ ಗೋಡೆಯ ಮೇಲಿಂದ ಆ ಕೈ ಒಂದು ಪುಟ್ಟ ಗಂಟನ್ನು ಚಾಚಿತ್ತು. ಕೂಸಿಗೆ ದೃಷ್ಟಿ ಆಗದಿರಲಿ ಎಂದು ತಂದ ಕರಿಬಳೆ. ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸುತ್ತಿತ್ತು.

"ಬರೀ ಅರಿವಿ ಅದ ಬೇಟಿ," ಎಂದಿದ್ದಳು. "ಬಿಚ್ಚಿ ನೋಡು ಅಂತ ಹೇಳು ನಿಮ್ಮ ಮಾವನವರಿಗಿ. ಒಳಗ ಏನೂ ಬರ್ದಿಲ್ಲ."

ಆ ಮದುವೆ ಮುಗಿಯುವ ಮೊದಲೇ ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋದಳು. ಮತ್ತೆ ಬರಲಿಲ್ಲ. ತೀರಿಕೊಂಡದ್ದು ಯಾವಾಗ, ಮಣ್ಣಾದದ್ದು ಎಲ್ಲಿ... ಯಾರನ್ನು ಕೇಳುವುದು?

ಮೊನ್ನೆ ಮೊಮ್ಮಗಳ ಮುಂದೆ ಬಳೆಯ ಕಾಗದ ಬಿಚ್ಚುತ್ತಿದ್ದೆ. ಒಳಗಿನ ಕೋಣೆಯಲ್ಲಿ ಬೀಗರು ಮೊಬೈಲ್ ಹಿಡಿದುಕೊಂಡು ಯಾವುದೋ ಪಕ್ಷದ ಮೇಲೆ ಜಗಳಕ್ಕಿಳಿದಿದ್ದರು. ಯಾರು ನೋಡಿದರು ಎಂದು ಒಬ್ಬಳು ಹುಡುಗಿ ಕೇಳಿದಳು. ನೀನು ಆ ಕಡೆಯವಳೇನು ಎಂದರು. ನಾನು ಎದ್ದು ಬಾಗಿಲು ಮುಚ್ಚಿದೆ. ಬಳೆ ಇಡುವ ಹುಡುಗಿ ಮೊಮ್ಮಗಳ ಹಳೆಯ ಬಳೆಗಳನ್ನು ಸರಸರ ತೆಗೆದು ಕೈ ಬರಿದು ಮಾಡಿಬಿಟ್ಟಳು. ಒಂದಾದರೂ ಕೈಯಲ್ಲಿ ಬಿಡಬೇಕು ಎಂದು ಈಕೆಗೆ ಹೇಳಿಕೊಟ್ಟವರು ಯಾರೂ ಇಲ್ಲ.