ಸಿ.ಡಿ.ಗೆ ಹಚ್ಚಿದ ಗಂಧ

ತಿರುವನಂತಪುರದ ನಮ್ಮ ಸಂಶೋಧನಾ ಸಂಸ್ಥೆಗೆ ಆ ವರ್ಷ ನವರಾತ್ರಿಯ ಹೊತ್ತಿಗೇ ಆಂಟಿವೈರಸ್ಸಿನ ಹೊಸ ಅಪ್‌ಡೇಟ್ ಬಂತು. ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲನ್ನೇ ಆ ದರಿದ್ರದ್ದು ವೈರಸ್ ಎಂದುಕೊಂಡು ಅಳಿಸಿಹಾಕಿತು. ನನ್ನ ಪರದೆ ಕಪ್ಪಾಗಿ ಕೂತಿತು. ಅದನ್ನು ಮತ್ತೆ ಎಬ್ಬಿಸಲು ಇದ್ದ ಒಂದೇ ರಿಕವರಿ ಸಿ.ಡಿ.ಯನ್ನು ಸೆಕ್ಷನ್ನಿನ ಹಿರಿಯರ ಬಳಿ ಕೇಳಿದೆ.

"ಪೂಜೆಗೆ ಇಟ್ಟಾಯಿತಲ್ಲ ಸಾರೇ. ವಿಜಯದಶಮಿ ತನಕ ಮುಟ್ಟಬಾರದು."

ನಮ್ಮ ಮೈಸೂರಿನಲ್ಲಿ ಆಯುಧಪೂಜೆ ಮುಗಿದ ಕೂಡಲೇ ಅದೇ ಸ್ಕೂಟರ್ ಹತ್ತಿ ಹೊರಡುತ್ತೇವೆ. ಇಲ್ಲಿ ಪುಸ್ತಕ, ಪೆನ್ನು, ಸ್ಪ್ಯಾನರ್ ಎಲ್ಲವೂ ಸರಸ್ವತಿಯ ಮುಂದೆ ಮಲಗಿಬಿಡುತ್ತವೆ. ಹಲ್ಲು ಕಚ್ಚಿಕೊಂಡು ಕಾದೆ.

ದಶಮಿಯ ಬೆಳಿಗ್ಗೆ ಸಿ.ಡಿ. ಕೈಗೆ ಬಂತು. ಅದರ ಹೊಳೆಯುವ ಮೈಗೇ, ಡ್ರೈವ್ ಓದಬೇಕಾದ ಕಡೆಗೇ, ದಪ್ಪಗೆ ಗಂಧ ಬಳಿದು ಕುಂಕುಮ ಮೆತ್ತಿದ್ದರು. ಎಲ್ಲ ಒಣಗಿ ಬಿರುಕು ಬಿಟ್ಟಿತ್ತು. ಡ್ರೈವಿಗೆ ಹಾಕಿದರೆ ಬರೀ ಕರಕರ ಸದ್ದು. ನನಗೆ ಅಸಹ್ಯವಾಯಿತು. ಕ್ಯಾಂಟೀನಿನ ಸಿಂಕಿನಲ್ಲಿ, ಮೀನುಸಾರಿನ ಎಂಜಲು ತಟ್ಟೆಗಳನ್ನು ಪಕ್ಕಕ್ಕೆ ತಳ್ಳಿ, ಪಾತ್ರೆ ಸೋಪು ಹಾಕಿ ಅದನ್ನು ತೊಳೆದು ಒರೆಸಿ ತಂದೆ.

ಈ ಸಲ ಓದಿತು. ಕಂಪ್ಯೂಟರ್ ಎದ್ದಿತು.

ಹಿರಿಯರು ಪರದೆಗೆ ಕೈಮುಗಿದು, ಎಲ್ಲರಿಗೂ ಕೇಳುವಂತೆ, "ಕಂಡೋ ಸಾರೇ, ಪೂಜೆಯ ಶಕ್ತಿ!" ಎಂದರು.

ನನ್ನ ಕೈ ಇನ್ನೂ ಮೀನಿನ ವಾಸನೆ ಹೊಡೆಯುತ್ತಿತ್ತು.