ಏಳೂವರೆಯ ಧಾರಾವಾಹಿ ಮತ್ತು ಹಲಸಿನ ಮರದಡಿಯ ಆನೆ

ಸಂಜೆ ಏಳೂವರೆಯ ಧಾರಾವಾಹಿಯ ನಡುವೆ ಕರೆಂಟ್ ಹೋಯಿತು.

ನಾನು ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ, ತೋಟದ ಕೆಲಸದ ಅಕ್ಕ ಒಬ್ಬರ ಚಾಪೆಯ ಮೇಲೆ ಕೂತಿದ್ದೆ. ನಮ್ಮದೊಂದು ಪುಟ್ಟ ಸಮುದಾಯ ರೇಡಿಯೋ. ಜನ ಯಾವ ಹೊತ್ತಿಗೆ ರೇಡಿಯೋ ಕೇಳುತ್ತಾರೆ, ಯಾವಾಗ ಟಿವಿ ನೋಡುತ್ತಾರೆ ಎಂದು ವಿಚಾರಿಸಲು ಹೋಗಿದ್ದೆ.

"ಬೆಳಿಗ್ಗೆ ರೊಟ್ಟಿ ತಟ್ಟುವಾಗ ರೇಡಿಯೋ ಬೇಕೇ ಬೇಕು ಮೇಡಂ. ಈಗ ಕೇಳ್ಬೇಡಿ. ಈಗ ಅವಳ ಅತ್ತೆ ಹಾಲಿಗೆ ಎಂತದೋ ಹಾಕ್ತಾ ಇದ್ದಾಳೆ" ಎಂದು ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ ನನ್ನ ಬಾಯಿ ಮುಚ್ಚಿಸಿದ್ದರು. ಪಕ್ಕದ ಮನೆಯಿಂದ ತಮಿಳು ಧಾರಾವಾಹಿ, ಅದರಾಚೆಯಿಂದ ಮಲಯಾಳಂ ವಾರ್ತೆ. ಕಾಡಾನೆ ಇವತ್ತು ಯಾವ ಎಸ್ಟೇಟಿನಲ್ಲಿದೆ ಎಂಬ ಎಚ್ಚರಿಕೆಯ ಸೂಚನೆಯನ್ನು ನಮ್ಮ ರೇಡಿಯೋ ಅದೇ ಹೊತ್ತಿನಲ್ಲಿ ಓದುತ್ತಿತ್ತು. ಆಗ ಎಲ್ಲರೂ ಮನೆಯಲ್ಲಿರುತ್ತಾರೆ ಎಂಬುದು ನಮ್ಮ ಲೆಕ್ಕಾಚಾರ. ಎಲ್ಲರೂ ಮನೆಯಲ್ಲೇ ಇದ್ದರು, ನಿಜ. ರೇಡಿಯೋ ಹಾಕಿದವರು ಮಾತ್ರ ಒಬ್ಬರೂ ಇರಲಿಲ್ಲ.

ಕರೆಂಟ್ ಹೋದರೆ ನಮ್ಮವರು ಒಳಗೆ ಕೂರುವುದಿಲ್ಲ. ಪಕ್ಕದವರಿಗೂ ಹೋಗಿದೆಯಾ ಎಂದು ತಿಳಿಯದೆ ಸಮಾಧಾನವಿಲ್ಲ. ಇಡೀ ಸಾಲಿನವರು ಅಂಗಳಕ್ಕಿಳಿದರು.

"ನಿಮ್ಮಲ್ಲೂ ಹೋಯ್ತಾ?"

"ನಮ್ಗೆ ಮಾತ್ರ ಬೇರೆ ಲೈನ್ ಎಳ್ದಿದ್ದಾರಾ ಮಾರಾಯ್ತಿ?"

ಎಲ್ಲರಿಗಿಂತ ಮುಂದೆ ಹೋದವರು ನಮ್ಮ ಅಕ್ಕ. ಹಲಸಿನ ಮರದ ಹತ್ತಿರ ನಿಂತು ಮೊಬೈಲಿನ ಬೆಳಕನ್ನು ಎತ್ತಿದರು. ಬೆಳಕು ಬಿದ್ದದ್ದು ಆನೆಯ ಕಾಲಿನ ಮೇಲೆ. ನಾಲ್ಕು ಮಾರು ದೂರವೂ ಇರಲಿಲ್ಲ. ಸೊಂಡಿಲಿನಲ್ಲಿದ್ದ ಹಣ್ಣನ್ನು ಅದು ಕೆಳಗೆ ಬಿಟ್ಟಿತು. ಕಿವಿ ಅಗಲವಾಯಿತು.

ಜಗಲಿಯ ಕಂಬ ಹಿಡಿದು ನಿಂತಿದ್ದ ನನಗೆ ಅಕ್ಕನ ಬೆನ್ನಷ್ಟೇ ಕಾಣುತ್ತಿತ್ತು. ಆನೆ ಒಂದು ಹೆಜ್ಜೆ ಮುಂದಿಟ್ಟಿತು. ಆ ಹೆಜ್ಜೆಯನ್ನು ಆಮೇಲೆ ಕನಸಿನಲ್ಲಿ ನಾನು ಎಷ್ಟು ಸಲ ಕಂಡೆನೋ. ಕೆಲವು ಸಲ ಎರಡನೆಯ ಹೆಜ್ಜೆಯೂ ಕಾಣುತ್ತಿತ್ತು.

ಅಷ್ಟರಲ್ಲಿ ಕರೆಂಟ್ ಬಂತು. ಹೊರಗೆ ಓಡಿದ ಗಡಿಬಿಡಿಯಲ್ಲಿ ಯಾರೂ ಟಿವಿ ಆರಿಸಿರಲಿಲ್ಲ. ಅಷ್ಟೂ ಮನೆಗಳ ಟಿವಿಗಳು ಒಂದೇ ಸಲ ಬೊಬ್ಬೆ ಹೊಡೆದವು. ಕನ್ನಡದ ಅತ್ತೆ ಗದರಿದಳು, ತಮಿಳಿನ ಸೊಸೆ ಅತ್ತಳು, ಮಲಯಾಳಂನವರು ಚರ್ಚೆಯಲ್ಲಿ ಜಗಳಕ್ಕೇ ಬಿದ್ದಿದ್ದರು. ಆನೆ ತಲೆ ಕೊಡವಿ, ಬೇಲಿ ಮುರಿದು, ಯಾರದೋ ಒಣಹಾಕಿದ್ದ ಲುಂಗಿಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಕಾಫಿ ಗಿಡಗಳೊಳಗೆ ನುಗ್ಗಿತು.

ಅಕ್ಕ ಜಗಲಿಗೆ ಬಂದು ಕೂತರು. ನೀರು ಕುಡಿದ ಮೇಲೆ ಮೊದಲು ಕೇಳಿದ್ದು, "ಹಾಲು ಕುಡಿದ್ಳಾ?"

ಇಡೀ ಸಾಲು ನಕ್ಕಿತು. ನಾನೂ ನಕ್ಕೆ, ಆದರೆ ಕಂಬ ಬಿಡಲು ನನ್ನ ಕೈ ಒಪ್ಪಲಿಲ್ಲ.

ಮರುದಿನ ರೇಡಿಯೋದವರೆಲ್ಲ ಕೂತು ಮಾತಾಡಿದೆವು. ಕೈಗೆ ಕೆಲಸವಿದ್ದು ಕಿವಿ ಬಿಡುವಾಗಿರುವ ಹೊತ್ತು ರೇಡಿಯೋದ್ದು. ಕೈಕಾಲು ಚಾಚಿ ಕೂತ ಮೇಲಿನದು ಟಿವಿಯದ್ದು. ತೋಟದಿಂದ ಬಂದು ಬಚ್ಚಲ ಒಲೆಗೆ ಬೆಂಕಿ ಹಾಕುವ ಐದು ಗಂಟೆಗೆ ಸೂಚನೆಯನ್ನು ತಂದೆವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಇನ್ನೊಮ್ಮೆ. ಅದನ್ನು ಓದುವವಳು ನಾನು. ಓದಿ ಮನೆಗೆ ಬಂದರೆ, ಯಾರಾದರೂ ಕೇಳಿದರೋ ಇಲ್ಲವೋ ಎಂಬ ಚಿಂತೆ. ರಾತ್ರಿ ಫ್ಯಾನ್ ನಿಂತರೂ ಎಚ್ಚರ, ನಾಯಿ ಬೊಗಳಿದರೂ ಎಚ್ಚರ.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಮತ್ತೆ ಅದೇ ಎಸ್ಟೇಟಿನ ಹೆಸರು ಓದಬೇಕಾಯಿತು. ಎಂಟು ಗಂಟೆಗೆ ಅಕ್ಕನ ಫೋನ್.

"ಮೇಡಂ, ಕರೆಂಟ್ ಹೋಗಿ ಬಂತು. ಒಬ್ರೂ ಹೊರಗೆ ಕಾಲಿಡ್ಲಿಲ್ಲ. ಕಿಟಕಿಯಿಂದ್ಲೇ ಕೂಗಿ ಕೇಳ್ಕೊಂಡ್ವಿ. ಆನೆ ಬಂದು ಹಣ್ಣು ತಿಂದು ಹೋಯ್ತು."

"ಬಾಗಿಲು ಹಾಕಿದ್ರಾ ಅಕ್ಕ?"

"ಐದು ಗಂಟೆಗೇ. ನಿಮ್ಮ ಸ್ವರ ಕೇಳಿದ್ರೆ ನಾವಷ್ಟೇ ಅಲ್ಲ, ಕೋಳಿಗಳೂ ಗೂಡಿಗೆ ಹೋಗ್ತವೆ. ಸ್ವಲ್ಪ ನಗ್ತಾ ಓದಿ ಆಯ್ತಾ."

ಆ ರಾತ್ರಿ ಮಲಗಿದ್ದಷ್ಟೇ ನೆನಪು. ಎದ್ದಾಗ ಕಿಟಕಿಯಲ್ಲಿ ಬಿಸಿಲು. ನಾನು ಓದಬೇಕಿದ್ದ ಬೆಳಗಿನ ಸೂಚನೆಯನ್ನು ನನ್ನ ಸಹೋದ್ಯೋಗಿ ಆಗಲೇ ಓದಿ ಮುಗಿಸಿದ್ದಳು.