ಬೊಮ್ಮನ ಮೂಗು

ಪಟ್, ಪಟ್, ಪಟ್. ಬಿದಿರಿನ ಬೀಸಣಿಗೆ ಪಿಂಗಾಣಿ ತಟ್ಟೆಯ ಅಂಚಿಗೆ ತಗುಲುವ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅರವತ್ತರ ದಶಕದ ಕೊನೆ. ಮೈಸೂರಿನ ಕಾನ್ವೆಂಟಿನಿಂದ ರಜೆಗೆಂದು ಹುಣಸೂರಿಗೆ ಬಂದವಳು, ಅಪ್ಪನ ಔಷಧದಂಗಡಿಯ ಹಿಂದಿನ ಜಗಲಿಯಲ್ಲಿ ಕೂತು ಆರು ತಟ್ಟೆಗಳಿಗೆ ಗಾಳಿ ಹಾಕುತ್ತಿದ್ದೆ. ಅವುಗಳಲ್ಲಿದ್ದದ್ದು ತಿಂಡಿಯಲ್ಲ, ಬೊಮ್ಮನ ಕೆಮ್ಮಿನ ಮದ್ದು.

ಬೊಮ್ಮ ಬೇಗೂರಿನ ಕಡೆಯ ಕಾಡಂಚಿನ ಹಾಡಿಯವನು. ಅಪ್ಪನಿಗೆ ಜೇನನ್ನೂ ಬೇರುಗಳನ್ನೂ ತಂದುಕೊಡುತ್ತಿದ್ದ. ಒಂದು ಕಾಲಕ್ಕೆ ಕುಡಿತದಲ್ಲಿ ಹೆಸರು ಮಾಡಿದ್ದವನು, ಮಗಳ ತಲೆ ಮುಟ್ಟಿ ಆಣೆಯಿಟ್ಟು ಬಿಟ್ಟಿದ್ದ. ಈಗ ಎದೆ ಕಿತ್ತುಬರುವಂಥ ಕೆಮ್ಮು. ಅಪ್ಪ ನಂಬಿದ್ದ ಬೇರಿನ ಸತ್ವವೋ, ನೀರಿಗೆ ಜಗ್ಗದೆ ಸ್ಪಿರಿಟ್ಟಿಗಷ್ಟೇ ಇಳಿಯುವಂಥದ್ದು. ಸ್ಪಿರಿಟ್ಟನ್ನು ಆವಿಯಾಗಿಸಿ, ಉಳಿದ ಅಂಟಿನಲ್ಲಿ ಒಂದಿಷ್ಟನ್ನು ಜೇನಿನಲ್ಲಿ ಕಲಸಿ ಕೊಟ್ಟರೆ, ಬೊಮ್ಮ ಮೂಸಿ ನೋಡಿ ಬಾಟಲಿಯನ್ನು ಮೇಜಿನ ಮೇಲೆಯೇ ಇಟ್ಟುಬಿಟ್ಟ.

"ಇದ್ರೊಳ್ಗೆ ಅವ್ನವ್ನೆ ಬುದ್ದಿ. ಅವ್ನ ವಾಸ್ನೆ ನಂಗೊತ್ತಿಲ್ವಾ!"

"ಸ್ಪಿರಿಟ್ ಒಂದು ತೊಟ್ಟೂ ಇಲ್ಲ ಕಣೋ," ಎಂದರು ಅಪ್ಪ.

"ನಿಮ್ ಮೂಗ್ಗೆ ಇಲ್ದಿರ್ಬೋದು. ನನ್ ಮೂಗು ಇಪ್ಪತ್ ವರ್ಸ ಅದ್ನೇ ಕಲ್ತಿರೋದು."

ನಗಬೇಡಿ, ಅವನು ಹೇಳಿದ್ದು ನಿಜ. ಸತ್ವವನ್ನು ಸೆಳೆಯಲೆಂದು ಕರೆತಂದ ಸಾಲ್ವೆಂಟ್, ಅಂದರೆ ಆ ಸ್ಪಿರಿಟ್, ಉಂಡ ಮೇಲೂ ಏಳಲೊಲ್ಲದ ನೆಂಟನಂತೆ, ಎಲ್ಲೋ ಮೂಲೆಯಲ್ಲಿ ಉಳಿದೇ ಇರುತ್ತದೆ. ಕೆಮಿಸ್ಟ್ರಿಯಲ್ಲಿ ಫಸ್ಟ್ ಬಂದ ಜಂಬದಲ್ಲಿ ನಾನು, ಅಪ್ಪನಿಲ್ಲದ ಹೊತ್ತು ನೋಡಿ, ಮಿಕ್ಕ ಅಂಟನ್ನೆಲ್ಲ ಕೆಂಡದ ಮೇಲಿಟ್ಟೆ. ಸ್ಪಿರಿಟ್ ಹೋಯಿತು, ಅದರೊಡನೆ ಸತ್ವವೂ ಸುಟ್ಟು ಕರಕಲಾಯಿತು. ಬೊಮ್ಮ ಕೆಮ್ಮುತ್ತಲೇ ಮತ್ತೆ ಕಾಡಿಗೆ ಹೋಗಿ ಬೇರು ಅಗೆದು ತಂದ. ತಂದದ್ದನ್ನು ನನ್ನ ಕೈಗೇ ಕೊಟ್ಟ. ಅದೇ ದೊಡ್ಡ ಪನಿಶ್‌ಮೆಂಟ್.

ಹಾಗಾಗಿ ಆ ಆರು ತಟ್ಟೆಗಳು: ಹೊಸ ಸತ್ವವನ್ನು ತೆಳ್ಳಗೆ ಸವರಿ, ನೆರಳಿನಲ್ಲಿಟ್ಟು, ಬರೀ ಗಾಳಿ. ನಮ್ಮ ಜಗಲಿಯಲ್ಲೇ ಉಳಿದಿದ್ದ ಬೊಮ್ಮ ದಿನಾ ಬೆಳಿಗ್ಗೆ ಬಗ್ಗಿ ಮೂಸುವನು.

"ಇನ್ನೂ ಅವ್ನೆ ಕಣವ್ವ. ಬೀಸು ಬೀಸು, ಕಾನ್ವೆಂಟ್ ಅನ್ನ ಕರಗ್ಲಿ!"

ಒಂಬತ್ತನೆಯ ದಿನ ಬಹಳ ಹೊತ್ತು ಮೂಸಿ, ತಲೆಯೆತ್ತಿ, "ಒಂಟೋದ," ಎಂದ.

ಮೊನ್ನೆ, ಔಷಧದ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಂಗಿಯ ಮೊಮ್ಮಗಳು ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡಿನ ಕತೆ ಹೇಳಿದಳು. ನಾವು ಹೊರಗೆ ಬಿಡುವ ಉಸಿರಿನಲ್ಲಿರುವ ಅದೇ ಅನಿಲವನ್ನು ಬಲವಾಗಿ ಅದುಮಿ, ನಮ್ಮ ಮೈಯಷ್ಟೇ ಬೆಚ್ಚಗಿಟ್ಟರೆ, ಅದು ಗಾಳಿಯೂ ಅಲ್ಲದ ನೀರೂ ಅಲ್ಲದ ಸ್ಥಿತಿಗೆ ಬರುತ್ತದಂತೆ. ಗಾಳಿಯಂತೆ ಮದ್ದಿನ ಸಂದುಸಂದಿಗೂ ನುಗ್ಗಿ, ದ್ರವದಂತೆ ಸಾಲ್ವೆಂಟನ್ನು ಕರಗಿಸಿಕೊಂಡು, ಒತ್ತಡ ಸಡಿಲಿಸಿದೊಡನೆ ತಾನೂ ಹೊರಟುಹೋಗುತ್ತದಂತೆ. ಎಂಥ ಸಭ್ಯತೆ! ಒಳಹೊಕ್ಕು, ಬೇಡದ್ದನ್ನಷ್ಟೇ ಎತ್ತಿಕೊಂಡು, ತನ್ನ ಗುರುತೂ ಉಳಿಸದೆ ಎದ್ದುಬರುವುದು ಉಪಕಾರ ಮಾಡಹೊರಟವರೆಲ್ಲ ಕಲಿಯಬೇಕಾದ ವಿದ್ಯೆ. ನಾನು ಆಯಸ್ಸೆಲ್ಲ ಕೆಂಡದ ಕಡೆಗೇ ಕೈಚಾಚಿದವಳು. ಒಂಬತ್ತು ದಿನವಾದರೂ ಬೀಸಣಿಗೆ ಹಿಡಿದೆನಲ್ಲ ಎಂಬುದೇ ಸಮಾಧಾನ.

ಕೆಮ್ಮು ಬಿಟ್ಟ ಸುದ್ದಿ ಆಮೇಲೆ ಅಪ್ಪನ ಕಾಗದದಲ್ಲಿ ಬಂತು. ನಾನು ಬೊಮ್ಮನನ್ನು ಕಡೆಯ ಸಲ ಕಂಡದ್ದು ಆ ಒಂಬತ್ತನೆಯ ದಿನವೇ, ಅವನ ಊರ ಕಡೆ ಹೋಗುವ ಕೋಟೆ ಬಸ್ಸಿನ ಬಾಗಿಲಲ್ಲಿ. ಜೇನಿನಲ್ಲಿ ಕಲಸಿಕೊಟ್ಟ ಹೊಸ ಮದ್ದಿನ ಬಾಟಲಿಯ ಬಿರಡೆ ತೆಗೆದು ಒಂದು ಗುಟುಕು ಏರಿಸಿ, ಕಹಿಗೆ ಮುಖ ಕಿವುಚಿದ. ಹಳೆಯ ಬೊಮ್ಮನನ್ನು ಬಲ್ಲ ಕಂಡಕ್ಟರ್, ಬಸ್ಸಿಗೆಲ್ಲ ಕೇಳುವಂತೆ, "ಏನ್ಲಾ ಬೊಮ್ಮ, ಬೆಳಗ್ಗೇನೇ ಸುರುವಾ? ಮಗಳ ಮ್ಯಾಲಿನ ಆಣೆ ಎಲ್ಲೋಯ್ತಲಾ?" ಎಂದು ಕೆಣಕಿದ. ಬೊಮ್ಮ ಜಗಳಕ್ಕೆ ಹೋಗಲಿಲ್ಲ. ಬಾಟಲಿಯನ್ನು ಅವನ ಮೂಗಿಗೇ ಹಿಡಿದ.

"ಮೂಸು."

ಕಂಡಕ್ಟರ್ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೊಮ್ಮ ಒಳಗೆ ಹೋಗಿ ಕಿಟಕಿಯ ಬಳಿ ಕೂತು, ಮಗುವನ್ನು ಕೂರಿಸಿಕೊಂಡ ಹಾಗೆ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡ.